ರಜೆಯ ಅವಧಿಯ ವಿಳಾಸ

ಖಾಲಿ ಕೋಣೆಗೆ ಕಾವಲಿತ್ತು.

ಓಲ್ಡ್ ರಾಜಿಂದರ್ ನಗರದ ಮೂರಂತಸ್ತಿನ ಮನೆಯ ತಾರಸಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದೇ ಕೋಣೆಯ ಬರ್ಸಾತಿ. ಅದರ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾನ್‌ಸ್ಟೆಬಲ್ ಧರಮ್‌ವೀರ್ ಕುಳಿತಿದ್ದ. ಒಳಗೆ ಒಂದು ಮಂಚ, ಮಡಿಸಿಟ್ಟ ಹಾಸಿಗೆ, ಮೊಳೆಗೆ ತೂಗುಬಿದ್ದ ಹ್ಯಾಂಗರ್. ಕಾಯಬೇಕಾಗಿದ್ದ ಸಾಕ್ಷಿ ಏಕನಾಥ ಹಿಂದಿನ ಮಧ್ಯಾಹ್ನವೇ ಅಲ್ಲಿಂದ ಹೋಗಿದ್ದ.

“ಯಾರನ್ನು ಕಾಯುತ್ತಿದ್ದೀಯ?” ಇಂದುಶೇಖರ ಹಿಂದಿಯಲ್ಲಿ ಕೇಳಿದರು.

“ಆರ್ಡರ್‌ನಲ್ಲಿ ಇದೇ ವಿಳಾಸ ಇದೆ, ಸಾಬ್.” ಧರಮ್‌ವೀರ್ ಎದ್ದು ನಿಂತ. “ಅವರು ದೆಹಲಿ ಗಡಿ ದಾಟಿದರೆ ನಾನು ಹಿಂದೆ ಹೋಗುವ ಹಾಗಿಲ್ಲ. ಲಿಖಿತ ಮಂಜೂರಾತಿ ಬರಬೇಕು. ಎರಡು ದಿನ ಆಗುತ್ತೆ ಅಂದರು. ಅಲ್ಲೀತನಕ ಇಲ್ಲೇ ಕೂತಿರು ಅಂದರು.”

“ಎರಡು ದಿನ ಅಂದರೆ ಗುರುವಾರ.”

“ಹೌದು ಸಾಬ್. ಗುರುವಾರ ಅವರ ಸಾಕ್ಷಿ ಮುಗಿದೇ ಹೋಗುತ್ತಲ್ಲ.”

ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇಂದುಶೇಖರ ಒಳಗೆ ಹೋಗಿ ಮಂಚದ ಮೇಲೆ ಕೈಯಲ್ಲಿದ್ದ ಕೊರಿಯರ್ ಲಕೋಟೆಯನ್ನು ಇಟ್ಟರು. ಯಾರಿಗೂ ಗೊತ್ತಿರಬಾರದಾಗಿದ್ದ ಈ ಕೋಣೆಗೆ, ಏಕನಾಥನ ಹೆಸರಿಗೆ, ಅದು ಸೋಮವಾರ ಬೆಳಿಗ್ಗೆ ಬಂದಿತ್ತು.

ಲಕೋಟೆಯಲ್ಲಿ ಇದ್ದದ್ದು ಎರಡು ಹಾಳೆ: ಏಕನಾಥ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯ ನಕಲು. ಕೊನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ. ‘ಆ ವ್ಯಕ್ತಿಯನ್ನು ಮತ್ತೆ ನೋಡಿದರೆ ನಾನು ಗುರುತಿಸಬಲ್ಲೆ.’

ಬೇರೆ ಒಂದಕ್ಷರವೂ ಇರಲಿಲ್ಲ.

ಠಾಣೆಯ ಅಧಿಕಾರಿ ಅದನ್ನು ಎರಡು ಸಲ ತಿರುಗಿಸಿ ನೋಡಿದ್ದರು. ಸಾಕ್ಷಿಗೆ ಬೆದರಿಕೆ ಹಾಕುವುದು ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ, ಹೋದ ವರ್ಷವಷ್ಟೇ ಕಾನೂನಿಗೆ ಸೇರಿದೆ. “ಆದರೆ ಇದರಲ್ಲಿ ಬೆದರಿಕೆ ಎಲ್ಲಿದೆ?” ಎಂದಿದ್ದರು. ಹೇಳಿಕೆಯ ನಕಲನ್ನು ಆರೋಪಿಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ತನ್ನ ನಕಲಿನ ಮೇಲೆ ಗೆರೆ ಎಳೆಯಲು ಅವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಆರೋಪಿ ವಿನೀತ್ ಸಭರ್ವಾಲ್, ಲಕ್ಷ್ಮೀ ನಗರದಲ್ಲಿ ಒಂದು ಕೋಚಿಂಗ್ ಸಂಸ್ಥೆಯ ಮಾಲೀಕ. ಅವನ ಸಂಸ್ಥೆಯ ಗಣಿತದ ಮೇಷ್ಟ್ರು 2006ರ ಫೆಬ್ರವರಿಯ ಒಂದು ಶನಿವಾರ, ಸಂಜೆ ನಾಲ್ಕು ಗಂಟೆಗೆ ಮೂರನೇ ಮಹಡಿಯ ಮೆಟ್ಟಿಲ ಸಂದಿಯಿಂದ ಕೆಳಗೆ ಬಿದ್ದು ಸತ್ತರು. ಬಿದ್ದರೋ, ತಳ್ಳಿದರೋ ಎಂಬುದೇ ಮೊಕದ್ದಮೆ. ಆ ಗಲ್ಲಿ ಎಷ್ಟು ಕಿರಿದೆಂದರೆ ಎದುರು ಮನೆಯ ಬಾಲ್ಕನಿಯಿಂದ ಮೆಟ್ಟಿಲಿಗೆ ಕೈ ಚಾಚಬಹುದು. ಆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವನು ಏಕನಾಥ, ಕೇಂದ್ರದ ಒಂದು ಸಚಿವಾಲಯದಲ್ಲಿ ಅಪ್ಪರ್ ಡಿವಿಷನ್ ಕ್ಲರ್ಕ್.

ಮೂವರು ಪ್ರತ್ಯಕ್ಷ ಸಾಕ್ಷಿಗಳಿದ್ದರು. 2007ರ ಆಗಸ್ಟ್‌ನಲ್ಲಿ ಕಟಕಟೆ ಹತ್ತಿದ ಚಹಾ ಅಂಗಡಿಯವನು ತನಗೆ ಏನೂ ಕಾಣಲಿಲ್ಲವೆಂದ. ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಸ್ವಾಗತಕಾರಿಣಿ, ಆ ದಿನ ತಾನು ಕೆಲಸಕ್ಕೇ ಬಂದಿರಲಿಲ್ಲವೆಂದಳು. ಉಳಿದವನು ಏಕನಾಥ ಒಬ್ಬ. ಅವನು ಗುರುತಿಸಿದರೆ ಮೊಕದ್ದಮೆ ನಿಲ್ಲುತ್ತದೆ. ಗುರುತಿಸಲು ಅವನು ಗುರುವಾರದವರೆಗೆ ಬದುಕಿರಬೇಕು.

ಸಾಕ್ಷಿಗಳ ರಕ್ಷಣೆಗೆಂದೇ ಒಂದು ಕಾನೂನು ದೇಶದಲ್ಲಿಲ್ಲ. ದೆಹಲಿಯಲ್ಲಿ 2003ರಲ್ಲಿ ಹೈಕೋರ್ಟು ಕೊಟ್ಟ ಮಾರ್ಗಸೂಚಿಯಿದೆ. ಅದರ ಪ್ರಕಾರ ಏಕನಾಥನ ಹೆಂಡತಿ ದೇವಕಿ ಅರ್ಜಿ ಹಾಕಿ, ಓಡಾಡಿ, ಒಬ್ಬ ಕಾನ್‌ಸ್ಟೆಬಲ್‌ನನ್ನು ಪಡೆದಿದ್ದಳು. ಅದು ಸಾಲದೆಂದು ಕರೋಲ್ ಬಾಗಿನಲ್ಲಿ ಇಂದುಶೇಖರರ ಪುಟ್ಟ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿದ್ದಳು. ಇಂದುಶೇಖರ ಕೇಂದ್ರದ ಒಂದು ತನಿಖಾ ಸಂಸ್ಥೆಯಿಂದ ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು.

“ಅವರು ಸುಳ್ಳು ಹೇಳೋದಿಲ್ಲ ಸಾರ್,” ಎಂದಿದ್ದಳು ದೇವಕಿ ಮೊದಲ ದಿನ. “ನನಗೆ ಭಯ ಇರೋದೇ ಅದಕ್ಕೆ.”

ತಾರಸಿಯ ಮೂಲೆಗೆ ಹೋಗಿ ಇಂದುಶೇಖರ ಮೊಬೈಲಿನಿಂದ ಗಡಿಯಾಚೆ ನೋಯ್ಡಾದ ತಮ್ಮ ಅಕ್ಕನ ಮನೆಗೆ ಫೋನ್ ಮಾಡಿದರು. ಹತ್ತು ಗಂಟೆಯಾಗಿತ್ತು. ಏಕನಾಥನನ್ನು ಬಿಟ್ಟುಬಂದ ಮನೆ ಯಾವುದೆಂದು ಅವರಿಗೆ, ಅಕ್ಕನಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ದೇವಕಿಗೂ ಹೇಳಿರಲಿಲ್ಲ.

“ನಿನ್ನ ಅತಿಥಿ ಬಹಳ ಶಿಸ್ತಿನೋನು ಕಣೋ,” ಎಂದರು ಸೀತಮ್ಮ. “ಆರಕ್ಕೆದ್ದ, ಹಾಸಿಗೆ ಮಡಿಸಿದ, ಸ್ನಾನ ಮಾಡಿದ. ಮಾರ್ಕೆಟ್ಟಿಗೆ ಹೋಗಿ ಬ್ಲೇಡೂ ತಂದ್ಕೊಂಡ.”

“ಹೊರಗೆ ಬಿಟ್ಯಾ ಅಕ್ಕ? ಕೊಡು ಅವರಿಗೆ.”

ಏಕನಾಥನ ದನಿ ತಗ್ಗಿತ್ತು. “ಐದೇ ನಿಮಿಷ ಸಾರ್. ಮಫ್ಲರ್ ಸುತ್ಕೊಂಡಿದ್ದೆ.”

“ಇನ್ನು ಬಾಗಿಲು ದಾಟಬೇಡಿ. ಒಂದು ಪ್ರಶ್ನೆ. ರಾಜಿಂದರ್ ನಗರದ ವಿಳಾಸ ಯಾರ್ಯಾರಿಗೆ ಹೇಳಿದ್ರಿ?”

“ಯಾರಿಗೂ ಹೇಳಿಲ್ಲ ಸಾರ್.”

“ಯೋಚನೆ ಮಾಡಿ.”

“ಯೋಚನೆ ಮಾಡೋದೇನಿಲ್ಲ. ನಮ್ಮ ಅಣ್ಣನಿಗೂ ಹೇಳಿಲ್ಲ. ದೇವರಾಣೆ ಯಾರಿಗೂ ಹೇಳಿಲ್ಲ.”

ಇಂದುಶೇಖರ ಫೋನ್ ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ಗೋಪಿನಾಥ ಮೆಟ್ಟಿಲು ಹತ್ತಿ ಬಂದ. ಎರಡು ಲೋಟ ಕಾಫಿ ಹಿಡಿದಿದ್ದ. ಮನೆ ಅವನದು, ಕೆಳಗಿನ ಮೆಸ್ಸೂ ಅವನದೇ. ಏಕನಾಥನ ಜೊತೆ ಹೈಸ್ಕೂಲು ಓದಿದವನು, ಇಂದುಶೇಖರರಿಗೂ ಹಳೆಯ ಪರಿಚಯ. ಬಚ್ಚಿಡಲು ಜಾಗ ಬೇಕೆಂದಾಗ ಮರುಮಾತಿಲ್ಲದೆ ಬರ್ಸಾತಿಯ ಬೀಗದ ಕೈ ಕೊಟ್ಟಿದ್ದ.

“ಸಿಪಾಯಿ ನನ್ನ ಮೇಲೆ ಅನುಮಾನ ಪಡ್ತಿದಾನೆ ಅಣ್ಣ,” ಎಂದ. “ನಿನ್ನ ಮೆಸ್ಸಿನ ಹುಡುಗರೇ ಬಾಯಿ ಬಿಟ್ಟಿರಬೇಕು ಅಂತಾನೆ. ಇಲ್ಲಿ ಉಣ್ಣೋರು ಮುನ್ನೂರು ಜನ, ಎಲ್ಲಾ ಐಎಎಸ್ ಓದೋರು. ಪಕ್ಕದ ರೂಮಲ್ಲಿ ಇರೋನ ಹೆಸರು ಕೇಳಿ, ಗೊತ್ತಿಲ್ಲ. ಪಂಚಾಯತ್ ರಾಜ್ ಸಮಿತಿಗಳ ಹೆಸರು ಕೇಳಿ, ಇಸವಿ ಸಮೇತ ಹೇಳ್ತಾರೆ.”

ಧರಮ್‌ವೀರ್‌ಗೆ ಕನ್ನಡ ಬರುತ್ತಿರಲಿಲ್ಲ. ತನ್ನ ಮಾತೇ ಆಡುತ್ತಿದ್ದಾರೆಂದು ಮಾತ್ರ ಗೊತ್ತಾಗಿ ಟ್ಯಾಂಕಿನ ಕಡೆ ತಿರುಗಿದ.

“ಏಕನಾಥನ್ನ ಎಲ್ಲಿಗೆ ಕರ್ಕೊಂಡು ಹೋದ್ರಿ ಅಣ್ಣ? ಊಟಕ್ಕೇನು ಮಾಡ್ತಾನೆ? ಅವನಿಗೆ ಹೊರಗಿನ ಎಣ್ಣೆ ಆಗಲ್ಲ. ಹೇಳಿದ್ರೆ ಕ್ಯಾರಿಯರ್ ಕಳಿಸ್ತಿದ್ದೆ.”

“ಊಟ ಸಿಗುತ್ತೆ.”

ಗೋಪಿನಾಥ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಮಂಚದ ಮೇಲಿದ್ದ ಲಕೋಟೆಗೆ ಬಗ್ಗಿದ.

“ಇದು ನೋಡಿದ್ರಾ? ‘ಕೇರ್ ಆಫ್ ಶ್ರೀ ಕೆ.ಆರ್. ಗೋಪಿನಾಥ.’ ಈ ಊರಲ್ಲಿ ನನ್ನ ಇನಿಷಿಯಲ್ ಯಾರಿಗೆ ಗೊತ್ತು? ಪೋಸ್ಟ್‌ಮನ್ ಭಯ್ಯಾನಿಗೂ ‘ಗೋಪಿ ಮೆಸ್’ ಅಂದ್ರೆ ಸಾಕು. ಹೀಗೆ ಬರೆಯೋನು ಏಕನಾಥ ಒಬ್ಬನೇ. ಮದುವೆ ಕಾಗದಕ್ಕೂ ಪಿನ್‌ಕೋಡ್ ಹಾಕಿಸಿದ್ದ ಮಹಾರಾಯ.”

ಇಂದುಶೇಖರ ಕನ್ನಡಕ ಏರಿಸಿಕೊಂಡರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಆರು ಸಾಲು. ಹೆಸರು. ಕೇರ್ ಆಫ್. ಎರಡನೇ ಮಹಡಿಯ ಮೇಲೆ, ಬರ್ಸಾತಿ. ಬಡಾವಣೆ. ನವದೆಹಲಿ 110060. ಆರನೇ ಸಾಲು: ‘ಫೋನ್ ನಂ.: ನಿಲ್’.

ಅವರು ಆರನೇ ಸಾಲಿನ ಮೇಲೆ ಬೆರಳಿಟ್ಟರು.

ಲಕೋಟೆಯ ಮೇಲೆ ಫೋನ್ ನಂಬರ್ ಬರೆಯುವವರಿದ್ದಾರೆ. ಇಲ್ಲದಿದ್ದರೆ ಆ ಸಾಲನ್ನೇ ಬಿಡುತ್ತಾರೆ. ‘ಇಲ್ಲ’ ಎಂದು ಯಾರೂ ಬರೆಯುವುದಿಲ್ಲ. ಹಾಗೆ ಬರೆಯುವುದು ಒಂದೇ ಕಡೆ: ಖಾಲಿ ಬಿಡಬಾರದೆಂಬ ನಿಯಮವಿರುವ ಫಾರ್ಮಿನಲ್ಲಿ. ಟೈಪ್ ಮಾಡಿದವನು ವಿಳಾಸವನ್ನು ಯಾರಿಂದಲೋ ಕೇಳಿ ಬರೆದಿರಲಿಲ್ಲ. ಯಾವುದೋ ಸರ್ಕಾರಿ ಕಾಗದ ಮುಂದಿಟ್ಟುಕೊಂಡು ಕಂಡದ್ದನ್ನೆಲ್ಲ ಇಳಿಸಿದ್ದ.

ಏಕನಾಥನಿಗೆ ಮತ್ತೆ ಫೋನ್ ಮಾಡಬಹುದಿತ್ತು. ಅವರು ಮಾಡಲಿಲ್ಲ. ಮನುಷ್ಯರು ನೆನಪಿನಿಂದ ಹೇಳುತ್ತಾರೆ. ಕಾಗದ ಬರೆದದ್ದನ್ನು ಹೇಳುತ್ತದೆ. ಮೊದಲು ಕಾಗದ ನೋಡಬೇಕು.

“ಹೊರಟ್ರಾ ಅಣ್ಣ? ಎಲ್ಲಿಗೆ?”

“ಸ್ವಲ್ಪ ಕೆಲಸ ಇದೆ,” ಎಂದು ಇಂದುಶೇಖರ ಕಾಫಿ ಲೋಟ ಕೆಳಗಿಟ್ಟರು.

*

ದಾರಿಯಲ್ಲಿ ಕೋರ್ಟಿಗೆ ಹೋಗಿ ಸರ್ಕಾರಿ ವಕೀಲರನ್ನು ಕಂಡು ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತು.

ನವೆಂಬರಿನ ಬಿಸಿಲಿಗೆ ಸಚಿವಾಲಯದ ಸಿಬ್ಬಂದಿ ಹುಲ್ಲುಹಾಸಿನ ಮೇಲೆ ಹರಡಿಕೊಂಡಿದ್ದರು. ಹೆಂಗಸರು ಸ್ವೆಟರ್ ಹೆಣೆಯುತ್ತಿದ್ದರು. ನಾಲ್ಕಾರು ಗುಂಪುಗಳಲ್ಲಿ ಇಸ್ಪೀಟು ನಡೆದಿತ್ತು. ಊಟದ ಅವಧಿ ಅರ್ಧ ಗಂಟೆ. ಅರ್ಧ ಗಂಟೆ ಮುಗಿದು ಹತ್ತು ನಿಮಿಷವಾಗಿದ್ದರೂ ಯಾರೂ ಎದ್ದಿರಲಿಲ್ಲ.

ಎದ್ದು ಹೊರಟಿದ್ದವರು ಒಬ್ಬರೇ. ಚಂದ್ರಪ್ಪ, ಏಕನಾಥನ ಸೆಕ್ಷನ್ ಆಫೀಸರ್. ದೆಹಲಿಗೆ ಬಂದು ಮೂವತ್ತೊಂದು ವರ್ಷ. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಕಡಲೇಕಾಯಿಯ ಪೊಟ್ಟಣ.

“ನಮ್ಮ ಏಕನಾಥನ ಪತ್ತೇದಾರರು ನೀವೇ ಅಲ್ವಾ?” ಎಂದರು. “ಬನ್ನಿ ಸ್ವಾಮಿ. ಕಡ್ಲೇಕಾಯಿ ತಗೊಳ್ಳಿ, ಈಗಷ್ಟೇ ಹುರಿದದ್ದು.”

“ಒಂದು ವಿಷಯ ತಿಳೀಬೇಕಿತ್ತು. ಏಕನಾಥ ರಜೆ ಅರ್ಜಿ ಕೊಟ್ಟಾಗ ವಿಳಾಸ ಯಾವುದು ಬರೆದ್ರು?”

“ಅದು ಕಚೇರಿ ದಾಖಲೆ. ಹೊರಗಿನವರಿಗೆ ಹೇಳೋ ಹಾಗಿಲ್ಲ.”

“ಯಾರಿಗೂ ಹೇಳಿಲ್ಲ?”

“ಯಾರಿಗೂ ಹೇಳಿಲ್ಲ.”

ಬೆಳಿಗ್ಗೆ ಏಕನಾಥ ಹೇಳಿದ್ದೂ ಅದೇ ಮಾತು, ಅದೇ ಖಚಿತ ದನಿಯಲ್ಲಿ. ಇಂದುಶೇಖರ ಲಕೋಟೆ ತೆಗೆದು ಆರನೇ ಸಾಲು ತೋರಿಸಿದರು.

“ಇದು ನಿಮ್ಮ ಫಾರ್ಮಿನ ಭಾಷೆ.”

ಚಂದ್ರಪ್ಪ ಓದಿದರು. ಬಾಯಿಯಲ್ಲಿದ್ದ ಕಾಳು ಅಗಿಯುವುದು ನಿಂತಿತು.

“ರಜೆಗೆ ಮುಂಚೆ ನೀವು ಏಕನಾಥನಿಗೆ ಒಂದು ಮಾತು ಹೇಳಿದ್ರಂತೆ,” ಎಂದರು ಇಂದುಶೇಖರ. “‘ಕಣ್ಣಿಗೆ ಕಂಡಿದ್ದನ್ನೆಲ್ಲ ಕೋರ್ಟಿಗೆ ಹೇಳೋಕೆ ಹೋಗಬೇಡ’ ಅಂತ.”

“ಹೇಳಿದೆ. ಈಗಲೂ ಹೇಳ್ತೀನಿ. ಹದಿನಾರು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದೋನು. ಎರಡು ಸಾಕ್ಷಿ ಉಲ್ಟಾ ಹೊಡೆದ ಮೇಲೆ ಇವನೊಬ್ಬ ಯಾಕೆ ಎದೆ ಕೊಡಬೇಕು?”

“ಸಭರ್ವಾಲ್ ಕಡೆಯೋರು ಅವರಿಗೆ ಹೇಳ್ತಿರೋದೂ ಅದನ್ನೇ.”

ಚಂದ್ರಪ್ಪನವರ ಮುಖ ಕೆಂಪೇರಿತು. ಪಕ್ಕದ ಇಸ್ಪೀಟಿನ ಗುಂಪು ಆಟ ನಿಲ್ಲಿಸಿ ತಿರುಗಿತು.

“ಅಂದ್ರೆ ನಾನು ಅವನ ಅಡ್ರೆಸ್ ಮಾರಿಕೊಂಡೆ ಅಂತೀರಾ? ಮೂವತ್ತೊಂದು ವರ್ಷದಲ್ಲಿ ಆಫೀಸಿನ ಗುಂಡುಸೂಜಿ ಮನೆಗೆ ಒಯ್ದೋನಲ್ಲ ನಾನು. ದಾಖಲೆ ಬೇಕು ಅಲ್ವಾ? ಬನ್ನಿ ಮೇಲೆ. ತೋರಿಸ್ತೀನಿ. ನಿಯಮ ಮುರಿದು ತೋರಿಸ್ತೀನಿ, ಬನ್ನಿ.”

ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಹೋದರು.

ಚಂದ್ರಪ್ಪ ಉಕ್ಕಿನ ಬೀರು ತೆರೆದು ತೆಳುವಾದ ಕಡತವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ರಜೆಯ ಅರ್ಜಿ. ಅಕ್ಟೋಬರ್ 29ರಿಂದ ಗಳಿಕೆ ರಜೆ. ಕಾರಣ: ಸ್ವಂತ ಕೆಲಸ. ‘ರಜೆಯ ಅವಧಿಯ ವಿಳಾಸ’ ಎಂಬ ಅಂಕಣದಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಬರ್ಸಾತಿ, ಕೆ.ಆರ್. ಗೋಪಿನಾಥ, ಪಿನ್‌ಕೋಡ್, ಫೋನ್ ನಿಲ್.

ಅಡಗಿಕೊಳ್ಳಲು ರಜೆ ಹಾಕಿದವನು, ಎಲ್ಲಿ ಅಡಗಿಕೊಳ್ಳುತ್ತೇನೆಂದು ಅರ್ಜಿಯಲ್ಲಿ ಬರೆದಿದ್ದ.

“ಯಾಕೆ ಬರೆಯೋಕೆ ಬಿಟ್ರಿ?”

“ಬಿಡೋದೇನು? ಅಂಕಣ ಇದೆ. ಖಾಲಿ ಬಿಟ್ರೆ ಅರ್ಜಿ ವಾಪಸ್ ಬರುತ್ತೆ. ಸುಳ್ಳು ಬರೆದ್ರೆ ನಡತೆ ನಿಯಮದ ಉಲ್ಲಂಘನೆ. ‘ಸಾರ್, ಇದು ಯಾರಿಗೂ ತಿಳೀಬಾರದು’ ಅಂದ. ‘ಬೀರುವಿನಲ್ಲಿ ಇರುತ್ತಪ್ಪ’ ಅಂದೆ. ಬೀರುವಿನಲ್ಲೇ ಇತ್ತು.”

“ಮತ್ತೆ ಹೊರಗೆ ಹೇಗೆ ಬಂತು?”

ಚಂದ್ರಪ್ಪ ಹಾಳೆ ತಿರುವಿದರು. ಉತ್ತರಕ್ಕೆ ಬದಲು ಅಲ್ಲಿ ಒಂದು ಸಮನ್ಸ್‌ನ ಜೆರಾಕ್ಸ್ ಇತ್ತು. ನವೆಂಬರ್ 12ರ ವಿಚಾರಣೆಗೆ ಕೋರ್ಟು ಕಳಿಸಿದ್ದು. ಸರ್ಕಾರಿ ನೌಕರನಿಗೆ ಸಮನ್ಸ್ ನೇರವಾಗಿ ಹೋಗುವುದಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಅರವತ್ತಾರನೇ ಕಲಮಿನಂತೆ ಎರಡು ಪ್ರತಿ ಕಚೇರಿಯ ಮುಖ್ಯಸ್ಥರಿಗೆ ಬರುತ್ತದೆ. ಅವರು ಒಂದನ್ನು ನೌಕರನಿಗೆ ತಲುಪಿಸಿ, ಇನ್ನೊಂದರ ಮೇಲೆ ಷರಾ ಬರೆದು ಹಿಂತಿರುಗಿಸಬೇಕು.

ಷರಾ ಹೀಗಿತ್ತು: ‘ನೌಕರರು ರಜೆಯಲ್ಲಿರುವುದರಿಂದ ಜಾರಿಯಾಗಿಲ್ಲ. ರಜೆಯ ಅವಧಿಯ ವಿಳಾಸ ಈ ಕೆಳಗಿನಂತಿದೆ.’ ಕೆಳಗೆ ಆರು ಸಾಲು.

“ಕೋರ್ಟಿಗೆ ತಿಳಿಸಿದ್ದು,” ಎಂದರು ಚಂದ್ರಪ್ಪ. “ಕೋರ್ಟಿಗೆ ತಿಳಿಸೋದು ಹೊರಗಿನವರಿಗೆ ಹೇಳಿದ ಹಾಗಾ?”

“ಆ ಪ್ರತಿ ಮೊಕದ್ದಮೆಯ ಕಡತಕ್ಕೆ ಸೇರುತ್ತೆ. ಆ ಕಡತ ನೋಡೋ ಹಕ್ಕು ಆರೋಪಿಯ ವಕೀಲರಿಗಿದೆ. ಒಂದು ಅರ್ಜಿ ಕೊಟ್ಟರೆ ಅವರ ಗುಮಾಸ್ತ ಕೂತು ಬರ್ಕೋಬಹುದು. ನವೆಂಬರ್ ಹದಿನಾಲ್ಕಕ್ಕೆ ಬರ್ಕೊಂಡಿದಾನೆ. ಈಗ ಸರ್ಕಾರಿ ವಕೀಲರ ಹತ್ತಿರ ವಿಚಾರಿಸಿ ಬಂದೆ.”

“ಹಾಗಾದ್ರೆ ಕದ್ದೋರು ಯಾರು?”

“ಯಾರೂ ಕದ್ದಿಲ್ಲ. ಏಕನಾಥ ನಿಯಮದಂತೆ ಬರೆದ್ರು. ನೀವು ನಿಯಮದಂತೆ ಕಳಿಸಿದ್ರಿ. ಅವರು ನಿಯಮದಂತೆ ಓದಿದ್ರು.”

ಚಂದ್ರಪ್ಪ ಉಣ್ಣೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಬೆವರಿದ್ದರು. ಜಗಳವಾಡುವ ಹುರುಪು ಹೋಗಿತ್ತು.

“ನಾನು ಮಾಡಿದ್ದು ತಪ್ಪಾ?” ಎಂದು ಕೇಳಿದರು.

ಕಡತದ ಕೊನೆಯಲ್ಲಿ ಇನ್ನೂ ಎರಡು ಹಾಳೆಗಳು ದಾರಕ್ಕೆ ಪೋಣಿಸದೆ ಸಡಿಲವಾಗಿದ್ದವು. ಚಂದ್ರಪ್ಪ ಅವುಗಳ ಮೇಲೆ ಅಂಗೈ ಊರಿದ್ದರು. ಬೇಕೆಂದು ಊರಿದ್ದಲ್ಲ, ಅಲ್ಲೇನಿದೆಯೆಂದು ಆಗ ತಾನೇ ನೆನಪಾದವರ ಹಾಗೆ.

“ಇಂದುಶೇಖರ್ ಅವರೇ,” ಎಂದರು. “ಹಾಗಾದ್ರೆ ಇವತ್ತಿನದು?”

“ಇವತ್ತಿನದು ಯಾವುದು?”

ಅಂಗೈ ಸರಿಯಿತು.

ಮೊದಲನೆಯದು ಒಂದು ಫ್ಯಾಕ್ಸ್. ಮಂಗಳವಾರ, ನವೆಂಬರ್ 20, ಬೆಳಿಗ್ಗೆ 9.38. ಮೇಲಂಚಿನಲ್ಲಿ ನೋಯ್ಡಾದ ಅಂಗಡಿಯೊಂದರ ನಂಬರ್. ಕೈಬರಹ ಮುತ್ತಿನಂಥದೇ. ‘ಅನಿವಾರ್ಯ ಕಾರಣಗಳಿಂದ ನಿನ್ನೆ ಮಧ್ಯಾಹ್ನ ಕೇಂದ್ರಸ್ಥಾನ ಬಿಟ್ಟು ಉತ್ತರ ಪ್ರದೇಶ ರಾಜ್ಯದ ವ್ಯಾಪ್ತಿಗೆ ಬಂದಿರುತ್ತೇನೆ. ಪೂರ್ವಾನುಮತಿ ಪಡೆಯಲಾಗದ್ದಕ್ಕೆ ವಿಷಾದಿಸುತ್ತೇನೆ. ರಜೆಯ ಅವಧಿಯ ಬದಲಾದ ವಿಳಾಸ:’ ಕೆಳಗೆ ಸೀತಮ್ಮನವರ ಹೆಸರು, ಸೆಕ್ಟರ್, ಫ್ಲ್ಯಾಟ್ ನಂಬರ್, ಪಿನ್‌ಕೋಡ್.

ಬ್ಲೇಡು ತರಲು ಹೋದ ಐದು ನಿಮಿಷ.

ದೆಹಲಿಯೊಳಗೇ ಇಟ್ಟಿದ್ದರೆ ಏಕನಾಥನಿಗೆ ಈ ಪತ್ರ ಬರೆಯಬೇಕೆಂದು ಬಹುಶಃ ಹೊಳೆಯುತ್ತಿರಲಿಲ್ಲ. ಗಡಿ ದಾಟಿಸಿದವರು ಇಂದುಶೇಖರ. ಕಾನ್‌ಸ್ಟೆಬಲ್ ಅಲ್ಲಿಯೇ ಉಳಿದದ್ದು, ಏಕನಾಥ ಪತ್ರ ಬರೆದದ್ದು, ಎರಡಕ್ಕೂ ಆ ಗಡಿಯೇ ಕಾರಣ.

“ಇದು ನಿಮ್ಮ ಬೀರುವಿನಿಂದ ಹೊರಗೆ ಹೋಗಿದೆಯಾ?”

“ಹನ್ನೊಂದು ಗಂಟೆಗೆ ಕೋರ್ಟಿನಿಂದ ಒಬ್ಬ ಬಂದಿದ್ದ. ದಸ್ತಿ ಸಮನ್ಸ್ ಅಂದ. ಟಪಾಲಿಗೆ ಟೈಮಿಲ್ಲ, ಗುರುವಾರದ ವಿಚಾರಣೆ, ಕೈಯಲ್ಲೇ ಒಯ್ಯಬೇಕು, ಈಗಲೇ ಷರಾ ಬರೆದು ಕೊಡಿ ಅಂ‌ದ. ಹಳೇ ವಿಳಾಸದಲ್ಲಿ ಆಸಾಮಿ ಸಿಕ್ಕಿಲ್ಲ, ಹೊಸದಿದ್ರೆ ತಿಳಿಸಿ ಅಂದ. ನನ್ನ ಮೇಜಿನ ಮೇಲೆ ಈ ಫ್ಯಾಕ್ಸ್ ಆಗಲೇ ಬಂದಿತ್ತು.”

“ಬರೆದುಕೊಟ್ರಿ.”

“ಕವರಿಂಗ್ ಲೆಟರ್ ಸಮೇತ.”

ಇಂದುಶೇಖರ ಎರಡನೆಯ ಹಾಳೆ ಎತ್ತಿಕೊಂಡರು. ಗುರುವಾರದ ಸಮನ್ಸ್. ಮೊಕದ್ದಮೆಯ ಸಂಖ್ಯೆ ಸರಿ. ಠಾಣೆ ಸರಿ. ತಾರೀಖು ಸರಿ. ಮೊಹರು ಅಸ್ಪಷ್ಟ, ಆದರೆ ಮೊಹರುಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ.

ಸರಿಯಿಲ್ಲದ್ದು ಸಮನ್ಸ್ ಬಂದಿತ್ತೆಂಬುದೇ. ನವೆಂಬರ್ 12ರಂದು ಏಕನಾಥ ಕೋರ್ಟಿಗೆ ಹಾಜರಾಗಿದ್ದ. ದೇವಕಿ ತಾರೀಖು ತಿಳಿಸಿದ್ದಳು. ಆರೋಪಿಯ ವಕೀಲರು ಕಾಲಾವಕಾಶ ಕೇಳಿದಾಗ ನ್ಯಾಯಾಧೀಶರು 22ನೇ ತಾರೀಖು ಕೊಟ್ಟು, ಅಂದು ಬರುವುದಾಗಿ ಏಕನಾಥನಿಂದ ಅಲ್ಲೇ ಸಹಿ ಹಾಕಿಸಿಕೊಂಡಿದ್ದರು. ಇಂದುಶೇಖರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದರು. ಹಾಗೆ ಸಹಿ ಹಾಕಿದ ಸಾಕ್ಷಿಗೆ ಮತ್ತೆ ಸಮನ್ಸ್ ಹೊರಡುವುದಿಲ್ಲ.

ಅವರು ಎರಡು ಸಮನ್ಸ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟರು. ಮೊದಲನೆಯದು ಅಚ್ಚಾದ ಫಾರ್ಮು, ಹೆಸರುಗಳು ಕೈಬರಹದ ಹಿಂದಿಯಲ್ಲಿ. ಎರಡನೆಯದು ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿದ್ದು. ಸಾಕ್ಷಿಯ ಹಳೆಯ ವಿಳಾಸ ಆರು ಸಾಲಿನಲ್ಲಿತ್ತು. ಆರನೆಯದು: ‘ಫೋನ್ ನಂ.: ನಿಲ್’.

ಅವರು ಲಕೋಟೆಯನ್ನು ಅದರ ಪಕ್ಕಕ್ಕೆ ಸರಿಸಿದರು. ಅದೇ ಅಕ್ಷರ. ಅದೇ ಅಂತರ. ಟೈಪ್ ಮಾಡಿದವನು ಒಬ್ಬನೇ.

ಈಗ ಚಿತ್ರ ಪೂರ್ತಿಯಾಗಿತ್ತು. ಮೊದಲ ಸಲ ವಿಳಾಸ ಸಭರ್ವಾಲ್ ಕಡೆಯವರ ಕೈಗೆ ತಾನಾಗಿಯೇ ಸಿಕ್ಕಿತ್ತು. ಸೋಮವಾರದ ಲಕೋಟೆ ಸಾಕ್ಷಿಯನ್ನು ಹೆದರಿಸಲು ಅಲ್ಲ, ಅಲ್ಲಿಂದ ಎಬ್ಬಿಸಲು. ಕಾವಲಿದ್ದ ಕೋಣೆಯಿಂದ ಕಾವಲಿಲ್ಲದ ಜಾಗಕ್ಕೆ ಅವನು ಹೋಗುತ್ತಾನೆ. ಹೋದಮೇಲೆ ವಿಳಾಸವನ್ನು ಕಚೇರಿಗೆ ತಿಳಿಸದೆ ಇರುವವನಲ್ಲ. ಅವರು ಏಕನಾಥನ ಸ್ವಭಾವವನ್ನು ಆ ಆರನೇ ಸಾಲಿನಿಂದ ಓದಿಕೊಂಡಿದ್ದರು.

“ಎಷ್ಟು ಗಂಟೆಗೆ ಹೊರಟ ಅವನು?”

“ಹನ್ನೊಂದೂ ಇಪ್ಪತ್ತು.”

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷವಿತ್ತು. ಇಂದುಶೇಖರ ಮೊಬೈಲ್ ತೆಗೆದರು. ಮೇಜಿನ ಫೋನನ್ನು ಚಂದ್ರಪ್ಪನವರ ಮುಂದಕ್ಕೆ ತಳ್ಳಿದರು.

“ನೂರಕ್ಕೆ ಮಾಡಿ. ನೋಯ್ಡಾ ಪೊಲೀಸರಿಗೆ ದಾಟಿಸೋಕೆ ಹೇಳಿ.”

ಅಕ್ಕನ ಫೋನು ನಾಲ್ಕು ಸಲ ಹೊಡೆದುಕೊಂಡಿತು. ಐದನೆಯದಕ್ಕೆ ಎತ್ತಿದರು.

“ನೂರು ವರ್ಷ ನಿನಗೆ ಇಂದು, ಈಗ ತಾನೇ ನಿನ್ನ ಮಾತೇ ಆಡ್ತಿದ್ವಿ,” ಎಂದರು ಸೀತಮ್ಮ. ಹಿಂದೆ ತಟ್ಟೆಗಳ ಸದ್ದಿತ್ತು. “ಒಳ್ಳೇ ಕೆಲಸ ಮಾಡಿದೆ ನೋಡು, ಊಟ ಕಳಿಸಿ. ನಾಲ್ಕು ಡಬ್ಬಿ ಕ್ಯಾರಿಯರ್ ತುಂಬ ತಂದಿದಾನೆ.”

“ಯಾರು ತಂದಿದ್ದು?”

“ಗೋಪಿ ಕಣೋ. ಯುಗಾದಿಗೆ ಕನ್ನಡ ಸಂಘದಲ್ಲಿ ಹೋಳಿಗೆ ಬಡಿಸಿದನಲ್ಲ, ಆ ಮೆಸ್ಸಿನ ಗೋಪಿ. ನೀನೇ ಕಳಿಸಿದ್ದಂತೆ.”

ಇಂದುಶೇಖರ ಮೇಜಿನ ಮೇಲಿದ್ದ ಎರಡನೇ ಸಮನ್ಸ್ ಕಡೆ ನೋಡಿದರು. ಮೊದಲ ವಿಳಾಸ ತಿಳಿಯಲು ಗೋಪಿನಾಥನಿಗೆ ಯಾವ ಸಮನ್ಸೂ ಬೇಕಿರಲಿಲ್ಲ, ಮನೆ ಅವನದೇ. ಎರಡನೆಯದಕ್ಕೆ ಬೇಕಿತ್ತು. ಅದು ಸಿಕ್ಕಿದ್ದು ಆ ನಕಲಿ ಸಮನ್ಸ್ ತಂದವರಿಗೆ ಮಾತ್ರ.

“ಏಕನಾಥ ಅವನಿಗೆ ಫೋನ್ ಮಾಡಿದ್ರಾ ಅಕ್ಕ?”

“ಇಲ್ವಲ್ಲ. ಗೋಪೀನ ನೋಡಿ ಏಕನಾಥನಿಗೇ ಆಶ್ಚರ್ಯ. ಬಾಗಿಲ ಸಂದಿಯಿಂದ ಗೋಪಿ ಮುಖ ಕಂಡಮೇಲೇ ಚಿಲಕ ತೆಗೆದ. ಅಷ್ಟು ಹುಷಾರಾಗಿದಾನೆ, ನೀನೇನೂ ಯೋಚನೆ ಮಾಡಬೇಡ.”

“ಗೋಪಿ ಒಬ್ಬನೇ ಬಂದಿದಾನಾ?”

“ಜೊತೆಗೆ ಯಾರೋ ಇದಾರೆ. ಮೇಲಕ್ಕೆ ಬರಲ್ಲ ಅಂದ್ರಂತೆ, ಕೆಳಗೆ ಕಾರಲ್ಲೇ ಕೂತಿದಾರೆ. ಮೂರೋ ನಾಲ್ಕೋ ಜನ. ಕಾಫಿ ಕಳಿಸ್ಲಾ ಅಂದ್ರೆ ಗೋಪಿ ಬೇಡ ಅಂತಾನೆ.”

“ಅಕ್ಕ, ಊಟ ಮುಟ್ಟಬೇಡಿ ಅಂತ ಏಕನಾಥನಿಗೆ ಹೇಳು. ಬಾಗಿಲಿಗೆ ಚಿಲಕ ಹಾಕು.”

“ಅದೇನೋ ಅದು, ಉಣ್ಣೋಕೆ ಕೂತಿರೋನನ್ನ ಏಳು ಅನ್ನೋದು? ಚಿಲಕ ಹಾಕಿ ಏನು ಮಾಡ್ಲಿ, ಗೋಪಿ ಒಳಗೇ ಇದಾನೆ. ಇರು, ಫೋನ್ ಅವನೇ ಕೇಳ್ತಿದಾನೆ.”

ಮೇಜಿನ ಆ ಬದಿಯಲ್ಲಿ ಚಂದ್ರಪ್ಪ ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದರು.

“ವಿಳಾಸ ಕೇಳ್ತಿದಾರೆ,” ಎಂದರು ಪಿಸುದನಿಯಲ್ಲಿ. “ಹೇಳಲಾ?”

ಹೇಳಿ ಎಂಬಂತೆ ಇಂದುಶೇಖರ ತಲೆಯಾಡಿಸಿದರು. ಕಿವಿಯ ಬಳಿ ಉಸಿರಿನ ಸದ್ದು ಕೇಳಿಸಿತು. ಆಮೇಲೆ ಗೋಪಿನಾಥನ ದನಿ, ಬೇರೆಯವರು ಬರೆದುಕೊಟ್ಟದ್ದನ್ನು ಓದಿ ಹೇಳುವವನ ಹಾಗೆ ಒಂದೇ ಮಟ್ಟದಲ್ಲಿ.

“ನೀವು ಆ ಆಫೀಸಲ್ಲೇ ಇರಿ, ಸಾರ್. ಊಟ ಆದಮೇಲೆ ಏಕನಾಥನ್ನ ನಾನೇ ಕರ್ಕೊಂಡು ಬರ್ತೀನಿ. ನೀವು ಬರೋದು ಬೇಡ.”

ಫೋನ್ ಕಡಿಯಿತು.

ತಾನು ಯಾವ ಆಫೀಸಿಗೆ ಹೊರಟಿದ್ದೇನೆಂದು ಇಂದುಶೇಖರ ಬೆಳಿಗ್ಗೆ ಗೋಪಿನಾಥನಿಗೆ ಹೇಳಿರಲಿಲ್ಲ. ಮತ್ತು ಹನ್ನೆರಡು ವರ್ಷದ ಪರಿಚಯದಲ್ಲಿ ಗೋಪಿನಾಥ ಅವರನ್ನು ‘ಸಾರ್’ ಎಂದು ಕರೆದದ್ದು ಅದೇ ಮೊದಲು.